ಗಿಟಾರ್ ಹೆಸರಿನ ಕಥೆ, ಭಾಗ 3: ಇಬಾನೆಜಾ, ಐಬನೆಜಾ?

ಒಬ್ಬ 'ಐಬನೆಜ್' ಅಂದ್ರೆ ಪಕ್ಕದವನು ನಗ್ತಾನೆ, 'ಇಬಾನೆಜ್ ಕಣೋ' ಅಂತ. ನಗೋ ಮುಂಚೆ ಇದನ್ನ ಓದಿ.

ಕಂಪನಿ ಜಪಾನಿಂದು. ನಗೋಯಾದ ಹೊಶಿನೊ ಗಕ್ಕಿ, 1908ರಲ್ಲಿ ಒಂದು ಪುಸ್ತಕದಂಗಡಿಯ ವಾದ್ಯ ವಿಭಾಗವಾಗಿ ಶುರುವಾದದ್ದು. ಹೆಸರು ಮಾತ್ರ ಸ್ಪೇನಿಂದು. ವಲೆನ್ಸಿಯಾದಲ್ಲಿ ಸಾಲ್ವಡೋರ್ ಇಬಾಞೆತ್ ಅಂತ ಗಿಟಾರ್ ಮಾಡೋರಿದ್ರು, 1920ರಲ್ಲಿ ತೀರಿಕೊಂಡರು. 1929ರಲ್ಲಿ ಹೊಶಿನೊದವರು ಅವರ ಹೆಸರಿನ ಗಿಟಾರ್‌ಗಳನ್ನ ತರಿಸಿ ಮಾರೋಕೆ ಶುರು ಮಾಡಿದ್ರು. 1935ರಿಂದ ತಾವೇ ಮಾಡತೊಡಗಿದರು, ಹೆಸರನ್ನ ಬಿಡಲಿಲ್ಲ. ಅಕೌಂಟ್ಸ್ ಕ್ಲಾಸಿನ ಗುಡ್‌ವಿಲ್ ನೆನಪಾಯ್ತಾ? ಅಂದ್ರೆ ಇದು ಸ್ಟೈಲಿಗೆ ಹುಟ್ಟಿಸಿದ ಪದ ಅಲ್ಲ, ಒಬ್ಬ ಕುಶಲಕರ್ಮಿಯ ಮನೆತನದ ಹೆಸರು.

ಆ ಹೆಸರಲ್ಲಿ 'ಎನ್' ಅಕ್ಷರದ ಮೇಲೆ ಅಲೆಯಂಥ ಒಂದು ಗೆರೆ ಇತ್ತು. ಬ್ರ್ಯಾಂಡ್ ಆದಾಗ ಅದು ಹೋಯ್ತು. ಆ ಉಚ್ಚಾರ ನಮಗೇನೂ ಕಷ್ಟ ಅಲ್ಲ, ಒಂದನೇ ಕ್ಲಾಸಲ್ಲಿ ತಿದ್ದಿ ಆಮೇಲೆ ಎಲ್ಲೂ ಬಳಸದ ನಮ್ಮ ಞ ಇದೆಯಲ್ಲ, ಅದೇ! 'ಬಾ' ಮೇಲೆ ಒತ್ತು ಕೊಟ್ಟು ಇಬಾಞೆತ್ ಅನ್ನಿ. ಕೊನೆಯ ಸದ್ದು ಇಂಗ್ಲಿಷಿನ 'ಥಿಂಕ್' ಥರ, ನಾಲಿಗೆ ಹಲ್ಲಿನ ಮಧ್ಯೆ. ಲ್ಯಾಟಿನ್ ಅಮೆರಿಕದವರು ಇಬಾಞೆಸ್ ಅಂತಾರೆ.

ಮಜಾ ಏನ್ ಗೊತ್ತಾ? ಜಪಾನಲ್ಲೇ ಈಗ ಇದನ್ನ 'ಐಬನೀಜು' ಅಂತಾರೆ! ಹಾಗಾಗಿ ಐಬನೆಜ್ ಅಂದವನ ಪರ ಕಂಪನಿಯ ದೇಶವೇ ನಿಂತಿದೆ. ಅಂಗಡೀಲಿ ಹೆಂಗಾದ್ರೂ ಕೇಳಿ, ಕೊಡ್ತಾರೆ. ಸಾಲ್ವಡೋರ್ ಅವರ ವಿಷಯ ಬಂದಾಗ ಮಾತ್ರ ಞ ಬಿಡಬೇಡಿ.

ಮುಂದಿನ ಭಾಗ ತಕಮಿನೆ. ಅದು ಜಪಾನಿನ ಒಂದು ಬೆಟ್ಟದ ಹೆಸರು, 'ಟಕಮೈನ್' ಅಲ್ವೇ ಅಲ್ಲ.