ತಂತಿ ಯಾರದ್ದು?

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಕರೆಂಟಿನ ಕಥೆ ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ಕರೆಂಟ್ ಹೋದರೆ ಮರಳವಾಡಿಯಲ್ಲಿ ಹಿಟ್ಟಿನ ಗಿರಣಿಯಿಂದ ಹಿಪ್ಪುನೇರಳೆ ತೋಟದ ಮೋಟರಿನವರೆಗೆ ಎಲ್ಲವೂ ನಿಲ್ಲುತ್ತದೆ. ಆದರೂ ಆ ತಂತಿಯ ಯಜಮಾನರು ಯಾರೆಂದು ನಾವು ವಿಚಾರಿಸುವುದೇ ಇಲ್ಲ.

1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ ಹೋದದ್ದು ಹಳ್ಳಿಗಳಿಗಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆಗ ಯಜಮಾನರು ಮೈಸೂರು ಸರ್ಕಾರ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಅದೇ ಕೆ.ಇ.ಬಿ. 1999ರ ವಿದ್ಯುತ್ ಸುಧಾರಣಾ ಕಾಯ್ದೆಯಿಂದ ಮಂಡಳಿ ಕಂಪನಿಯಾಯಿತು, ದರ ನಿಗದಿಗೆ ಆಯೋಗ ಬಂತು. 2002ರಲ್ಲಿ ವಿತರಣೆ ಬೆಸ್ಕಾಂ ಮೊದಲಾದ ಕಂಪನಿಗಳಿಗೆ ಹಂಚಿಹೋಯಿತು. ಖಾಸಗಿಯವರಿಗೆ ಮಾರುತ್ತಾರೆಂಬ ಮಾತು ಆಗ ಜೋರಾಗಿತ್ತು. ಆಗಿನ ಒರಿಸ್ಸಾದಲ್ಲಿ 1999ರಲ್ಲೇ ಮಾರಿದರು. ನಮ್ಮಲ್ಲಿ ಕಂಪನಿ ಎಂದರೂ ಒಡೆತನ ಸರ್ಕಾರದ್ದೇ ಉಳಿಯಿತು. ನಮ್ಮ ಜನ ಈಗಲೂ "ಕೆ.ಇ.ಬಿ.ಯೋರು ಬಂದ್ರಾ?" ಅಂತಲೇ ಕೇಳೋದು. ಅದೇನೂ ಪೂರ್ತಿ ತಪ್ಪಲ್ಲ ಬಿಡಿ.

ಸಹಕಾರಿಗಳಾದ ನಮಗೆ ಹೆಚ್ಚು ರುಚಿಸುವುದು ಬೆಳಗಾವಿ ಜಿಲ್ಲೆಯ ಹುಕ್ಕೇರಿಯ ಕಥೆ. ಅಲ್ಲಿ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಸಗಟಾಗಿ ವಿದ್ಯುತ್ ಕೊಂಡು, ಸಂಘದ್ದೇ ಕಂಬ, ಸಂಘದ್ದೇ ತಂತಿಯಲ್ಲಿ ಹಳ್ಳಿಗಳಿಗೆ ಹಂಚುತ್ತಾ ಬಂದಿದೆ. ದೀಪ ಉರಿಸುವವನೇ ಸದಸ್ಯ, ಅವನೇ ಮತದಾರ. ಚುನಾವಣೆಯ ಗದ್ದಲ ಮಾತ್ರ ನಮ್ಮ ಸಂಘದ್ದಕ್ಕಿಂತ ಬಲು ಜೋರು!

ಈಚಿನ ವರ್ಷಗಳಲ್ಲಿ ಬೆಂಗಳೂರಿನ ತಂತಿಗಳನ್ನು ಸಾವಿರಾರು ಕೋಟಿ ರೂಪಾಯಿ ಖರ್ಚಿನಲ್ಲಿ ನೆಲದೊಳಕ್ಕೆ ಇಳಿಸಿದ್ದಾರೆ. ನಮ್ಮೂರಲ್ಲೂ ಹಾಗೇ ಮಾಡಲಿ ಎನ್ನುವವರಿದ್ದಾರೆ. ಗಾಳಿಮಳೆಗೆ ತಂತಿ ಹರಿದುಬಿದ್ದು ದನ ಸತ್ತದ್ದನ್ನು, ಮನುಷ್ಯರೇ ಹೋದದ್ದನ್ನು ಕೇಳಿದವರಿಗೆ ಆ ಆಸೆ ಸಹಜ. ಆದರೆ ಲೆಕ್ಕ ನೋಡಬೇಕಲ್ಲ? ಕಂಬದ ಮೇಲಿನ ಬರಿ ತಂತಿಗೆ ಸುತ್ತಲಿನ ಗಾಳಿಯೇ ರಕ್ಷೆ. ನೆಲದೊಳಗಿನ ಕೇಬಲ್ಲಿಗೆ ದಪ್ಪ ಹೊದಿಕೆ ಬೇಕು, ಉದ್ದಕ್ಕೂ ಗುಂಡಿ ತೋಡಬೇಕು. ನಮ್ಮದೋ ಬಂಡೆಯ ಸೀಮೆ. ಖರ್ಚು ಹಲವು ಪಟ್ಟು. ಪಟ್ಟಣದ ಒಂದು ಬೀದಿಯಲ್ಲಿ ನೂರು ಮನೆ ಆ ಭಾರ ಹಂಚಿಕೊಂಡಾವು. ಇಲ್ಲಿ ಅಷ್ಟೇ ಉದ್ದದ ಲೈನಿಗೆ ಎರಡೋ ಮೂರೋ ಪಂಪ್‌ಸೆಟ್ಟು. ಹರಿದ ತಂತಿ ಕಣ್ಣಿಗೆ ಕಾಣುತ್ತದೆ, ಲೈನ್‌ಮನ್ ಹತ್ತಿ ಕಟ್ಟುತ್ತಾನೆ; ಹೂತ ಕೇಬಲ್ ಕೆಟ್ಟರೆ ಜಾಗ ಪತ್ತೆ ಮಾಡಿ ಅಗೆಯಬೇಕು. ಯಜಮಾನರು ಯಾರಾದರೂ ಆ ಹಣ ಬರುವುದು ಬಿಲ್ಲಿನಿಂದ, ಇಲ್ಲವೇ ಸರ್ಕಾರದ ಬೊಕ್ಕಸದಿಂದ.

ನಮ್ಮ ಅಭಿಪ್ರಾಯ ಇಷ್ಟೆ: ಊರೊಳಗೆ ಕಂಬದ ಮೇಲೇ ಹೊದಿಕೆಯ ಕೇಬಲ್ ಎಳೆಯಲಿ. ಹೊಲಗಳಲ್ಲಿ ಜೋತುಬಿದ್ದ ತಂತಿ ಬಿಗಿದು, ವಾಲಿದ ಕಂಬ ಬದಲಿಸಲಿ. ದರ ಏರಿಸುವ ಮುನ್ನ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಬಳಕೆದಾರರು ಆಕ್ಷೇಪಣೆ ಬರೆದು ಕೊಡಬಹುದು. ವಾಲಿದ ಕಂಬಗಳ ಪಟ್ಟಿ ಮಾಡಿ, ಮುಂದಿನ ವಿಚಾರಣೆಗೆ ನಮ್ಮ ಸಂಘದಿಂದಲೂ ಒಂದು ಅರ್ಜಿ ಹೋಗಲಿ.