ರಾಸ್ನಾ ಎಂದರೆ ಯಾವ ಗಿಡ? ವೈದ್ಯ ಹಸ್ತಪ್ರತಿಗಳ ಓದು ಮತ್ತು ಘಟಪ್ರಭಾ ಸೀಮೆ

ಸಂಸ್ಕೃತ ವೈದ್ಯಗ್ರಂಥದ ಓಲೆಗರಿಯನ್ನು ತಪ್ಪಿಲ್ಲದೆ ಓದಿದ ಮಾತ್ರಕ್ಕೆ ಅದರಲ್ಲಿ ಹೇಳಿದ ಮದ್ದು ಯಾವುದೆಂದು ತಿಳಿಯುವುದಿಲ್ಲ. 'ರಾಸ್ನಾ' ಎಂದಲ್ಲಿ ದಕ್ಷಿಣದ ವೈದ್ಯರು ದುಂಪರಾಸ್ಮೆಯ ಗಡ್ಡೆ ಬಳಸುತ್ತಾರೆ. ಉತ್ತರದಲ್ಲಿ ಅದೇ ಹೆಸರಿಗೆ ಬೇರೊಂದು ಕುಲದ ಗಿಡವಿದೆ. ಭಾರತದ ಆಯುರ್ವೇದ ಔಷಧಕೋಶ 'ಬ್ರಾಹ್ಮೀ' ಎಂದು ನೀರುಬ್ರಾಹ್ಮಿಯನ್ನು ಗುರುತಿಸಿದರೆ, ಕನ್ನಡದ ಅನೇಕ ಮನೆಗಳಲ್ಲಿ ಬ್ರಾಹ್ಮಿ ಎಂದರೆ ಒಂದೆಲಗ. ಆದ್ದರಿಂದ ಸಂಸ್ಕೃತದ ಪ್ರತಿಯನ್ನು ಕನ್ನಡದ ವೈದ್ಯಗ್ರಂಥ ಮತ್ತು ಸ್ಥಳೀಯ ಸಸ್ಯನಾಮಗಳ ಜೊತೆಗಿಟ್ಟೇ ಓದಬೇಕೆಂಬುದು ಈ ಲೇಖನದ ವಾದ.

ಕನ್ನಡದ ಗ್ರಂಥಗಳು ಬರಿಯ ಅನುವಾದಗಳಲ್ಲವೇ, ಮೂಲವಿರುವಾಗ ಅವು ಏಕೆ ಎಂಬ ಆಕ್ಷೇಪ ಸಹಜ. ಆದರೆ ಮೂಲ ಯಾವಾಗಲೂ ಉಳಿದಿರುವುದಿಲ್ಲ. ಜೈನ ಆಚಾರ್ಯ ಪೂಜ್ಯಪಾದರ ಹೆಸರಿನ ಸಂಸ್ಕೃತ 'ಕಲ್ಯಾಣಕಾರಕ' ನಮಗೆ ದೊರೆತಿಲ್ಲ. ಅದನ್ನು ಕನ್ನಡಿಸಿದ 12ನೆಯ ಶತಮಾನದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ದಿಂದಲೇ ಅದರ ಸ್ವರೂಪವನ್ನು ಊಹಿಸಬೇಕು. 9ನೆಯ ಶತಮಾನದ ಉಗ್ರಾದಿತ್ಯನ ಸಂಸ್ಕೃತ 'ಕಲ್ಯಾಣಕಾರಕ' ಅಚ್ಚಾಗಿದೆ. ಅದು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ಕಟ್ಟುತ್ತದೆ. ಸೋಮನಾಥನದೂ ಇದೇ ಹಾದಿ. ಹೀಗೆ ಜೈನ ವೈದ್ಯರು ಶಾಸ್ತ್ರವನ್ನು ತಮ್ಮ ಆಚಾರಕ್ಕೆ ತಕ್ಕಂತೆ ತಿದ್ದಿಕೊಂಡರು. ಚರಕ, ಸುಶ್ರುತರ ಮುದ್ರಿತ ಪಾಠವನ್ನಷ್ಟೇ ನಂಬಿದರೆ ಈ ತಿದ್ದುಪಡಿಯ ಚರಿತ್ರೆ ಕಣ್ಮರೆಯಾಗುತ್ತದೆ.

ಘಟಪ್ರಭಾ ಸೀಮೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳು ಹೀಗೆ ಜೊತೆಗಿಟ್ಟು ಓದುವ ಕೆಲಸಕ್ಕೆ ತಕ್ಕ ನೆಲ. ಗೋಕಾಕದ ತಾಮ್ರಶಾಸನ ಅರ್ಹಂತರ ಪೂಜೆಗೆ ಆರ್ಯನಂದಿ ಆಚಾರ್ಯರಿಗೆ ಕೊಟ್ಟ ದಾನವನ್ನು ಸಂಸ್ಕೃತದಲ್ಲಿ ದಾಖಲಿಸಿದೆ. ಜೈನ ಆಚಾರ್ಯರ ನೆಲೆ ಇಲ್ಲಿ ಹಳೆಯದು. ಶಾಸನದಿಂದ ವೈದ್ಯಶಾಸ್ತ್ರದ ಪರಂಪರೆಯನ್ನು ಸಾಧಿಸಲಾಗದು; ಆದರೆ ಬಸದಿ, ಮಠ, ನಾಟಿ ವೈದ್ಯರ ಮನೆಗಳ ಓಲೆಗರಿ ಕಟ್ಟುಗಳನ್ನು ಬಿಚ್ಚಿ ನೋಡಲು ಅದು ಸಾಕಷ್ಟು ಕಾರಣ. ಹುಕ್ಕೇರಿಯ ಹಿರಣ್ಯಕೇಶಿ ದಂಡೆಯಿಂದ ಮೂಡಲಗಿಯ ಎರೆಹೊಲಗಳವರೆಗೆ ನೆಲ ಬದಲಾದಂತೆ ಗಿಡವೂ ಬದಲಾಗುತ್ತದೆ.

ಊರಿಂದೂರಿಗೆ ಹೆಸರು ಬದಲಾಗುವಾಗ ಆಡುಮಾತು ಪ್ರಮಾಣವಾಗುವುದೆಂತು ಎಂದೂ ಕೇಳಬಹುದು. ಹೆಸರೊಂದೇ ಪ್ರಮಾಣವಲ್ಲ, ನಿಜ. ಪ್ರತಿಯ ಪಾಠಾಂತರ, ಕನ್ನಡ ಗ್ರಂಥದ ಸಮಾನಪದ, ಊರಿನ ಹೆಸರಿನೊಂದಿಗೆ ಒಣಗಿಸಿಟ್ಟ ಸಸ್ಯದ ಮಾದರಿ ಈ ಮೂರೂ ಕೂಡಿದಾಗಲೇ ನಿರ್ಣಯ. ಮೂರು ಕೂಡದಿದ್ದರೆ ಸಂಪಾದಕ ಆ ಹೆಸರನ್ನು ಅನುವಾದಿಸದೆ ಹಾಗೆಯೇ ಉಳಿಸಬೇಕು. ಇಲ್ಲವಾದರೆ ತಪ್ಪು ಗಿಡ ರೋಗಿಯ ಹೊಟ್ಟೆ ಸೇರುತ್ತದೆ.