ಯೆಹೂದ್ಯರ ಜ್ಞಾನಸಾಹಿತ್ಯವೂ ಪ್ರಕಟನಾ ಸಾಹಿತ್ಯವೂ: ಒಂದು ವಿಚಾರದ ಇತಿಹಾಸ

ಪ್ರಾಚೀನ ಯೆಹೂದ್ಯರ ಗ್ರಂಥರಾಶಿಯಲ್ಲಿ, ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ತೋರುವ ಎರಡು ಬಗೆಯ ಬರಹಗಳುಂಟು. ಜ್ಞಾನೋಕ್ತಿಗಳು, ಯೋಬ, ಪ್ರಸಂಗಿ ಎಂಬ ಹೆಸರುಗಳಿಂದ ಕನ್ನಡ ಬೈಬಲಿನ ಓದುಗರಿಗೂ ಪರಿಚಿತವಾದ ಜ್ಞಾನಸಾಹಿತ್ಯವು ಮೊದಲನೆಯದು. ಇರುವೆಯ ದುಡಿಮೆಯಿಂದ ಹಿಡಿದು ಅಧಿಪತಿಯ ಸಂಗಡ ಊಟಕ್ಕೆ ಕುಳಿತಾಗ ನಡೆದುಕೊಳ್ಳಬೇಕಾದ ರೀತಿಯವರೆಗೆ ಲೋಕವ್ಯವಹಾರವನ್ನು ಕಣ್ಣಾರೆ ಕಂಡು, ಕಂಡುದನ್ನು ತೂಗಿ ನೋಡಿ, ಬಾಳುವ ಬಗೆಯನ್ನು ಕಲಿಸತಕ್ಕುದು ಅದು. ದಾನಿಯೇಲನ ಗ್ರಂಥದ ಉತ್ತರಾರ್ಧದಲ್ಲಿಯೂ ಹನೋಕನ ಹೆಸರನ್ನು ಹೊತ್ತ ಗ್ರಂಥದಲ್ಲಿಯೂ ಕಾಣುವ ಪ್ರಕಟನಾ ಸಾಹಿತ್ಯವು ಎರಡನೆಯದು. ಸ್ವಪ್ನ, ದರ್ಶನ, ಸ್ವರ್ಗಾರೋಹಣ, ದೇವದೂತನ ವ್ಯಾಖ್ಯಾನ ಇವುಗಳ ಮೂಲಕ ಲೋಕದ ಗುಪ್ತ ರಚನೆಯನ್ನೂ ಕಾಲದ ಅಂತ್ಯವನ್ನೂ ಆಯ್ದ ಕೆಲವರಿಗೆ ತೆರೆದು ತೋರಿಸುವುದು ಅದರ ಉದ್ದೇಶ. ಜ್ಞಾನೋಕ್ತಿಗಳಲ್ಲಿ ಸತ್ತವರ ಪುನರುತ್ಥಾನದ ಮಾತಿಲ್ಲ, ಯುಗಾಂತ್ಯದ ನ್ಯಾಯತೀರ್ಪಿಲ್ಲ; ದಾನಿಯೇಲನಲ್ಲಿ ಇವೆರಡೂ ಉಂಟು. ಇಂತಹ ಎರಡು ಸಾಹಿತ್ಯಗಳ ನಡುವಣ ಸಂಬಂಧವೇನೆಂಬ ಪ್ರಶ್ನೆಯನ್ನು ಪಂಡಿತರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಆ ಚರ್ಚೆಯ ಇತಿಹಾಸವನ್ನು ನೋಡಿದಷ್ಟೂ, ಇವುಗಳ ನಡುವಣ ಗೋಡೆಯನ್ನು ಪ್ರಾಚೀನರಿಗಿಂತ ಹೆಚ್ಚಾಗಿ ನವೀನರೇ ಕಟ್ಟಿದರೆಂಬ ಅಭಿಪ್ರಾಯವು ನನ್ನಲ್ಲಿ ದೃಢವಾಗುತ್ತದೆ.

ಪ್ರಕಟನಾ ಸಾಹಿತ್ಯವೆಂಬ ಪ್ರತ್ಯೇಕ ವರ್ಗವನ್ನು ನಿರ್ದೇಶಿಸಿ ವಿದ್ವತ್ತಿನ ಬಳಕೆಗೆ ತಂದವನು ಜರ್ಮನಿಯ ಫ್ರೀಡ್ರಿಖ್ ಲ್ಯೂಕೆ. ಅದು ೧೮೩೨ರ ಮಾತು. ಇಥಿಯೋಪಿಯದ ಕ್ರೈಸ್ತರು ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದ ಹನೋಕನ ಗ್ರಂಥದ ಹಸ್ತಪ್ರತಿಗಳನ್ನು ಜೇಮ್ಸ್ ಬ್ರೂಸ್ ಎಂಬ ಪ್ರವಾಸಿ ೧೭೭೩ರಲ್ಲಿ ಯೂರೋಪಿಗೆ ತಂದಿದ್ದನು. ರಿಚರ್ಡ್ ಲಾರೆನ್ಸನ ಇಂಗ್ಲಿಷ್ ಅನುವಾದವು ೧೮೨೧ರಲ್ಲಿ ಹೊರಬಂದಿತ್ತು. ಇವುಗಳ ಬೆಂಬಲವಿಲ್ಲದೆ ಲ್ಯೂಕೆಯ ಕಾರ್ಯವು ಸಾಧ್ಯವಾಗುತ್ತಿರಲಿಲ್ಲ. ಜ್ಞಾನಸಾಹಿತ್ಯವನ್ನು ಬೇರೊಂದು ವರ್ಗವಾಗಿ ವಿಸ್ತಾರವಾಗಿ ವಿವೇಚಿಸಿದ ಯೋಹಾನ್ ಬ್ರೂಖನ ಗ್ರಂಥವು ೧೮೫೧ರದು. ಹೀಗೆ ಒಂದೇ ಶತಮಾನದಲ್ಲಿ, ಒಂದೇ ವಿದ್ವತ್ಪರಂಪರೆಯಲ್ಲಿ ಎರಡು ಹೆಸರುಗಳೂ ನೆಲೆಗೊಂಡವು. ಪ್ರವಾದಿಗಳನ್ನೇ ಇಸ್ರಾಯೇಲಿನ ಧರ್ಮದ ಶಿಖರವೆಂದು ಎಣಿಸಿದ ಆ ಕಾಲದ ವಿದ್ವಾಂಸರಿಗೆ, ಅವರ ತರುವಾಯ ಬಂದ ದರ್ಶನಗ್ರಂಥಗಳು ಒಂದು ಇಳಿಗಾಲದ ಕುರುಹಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಈ ತಾತ್ಸಾರವು ಕ್ರಮೇಣ ಕರಗಿತಾದರೂ, ಪ್ರಕಟನಾ ಸಾಹಿತ್ಯವು ಪ್ರವಾದನೆಯ ಸಂತಾನವೆಂಬ ನಂಬಿಕೆ ಮಾತ್ರ ಉಳಿಯಿತು; ೧೯೪೪ರಲ್ಲಿ ಎಚ್. ಎಚ್. ರೌಲಿ ಬರೆದ ಪುಸ್ತಕದಲ್ಲಿಯೂ ಅದೇ ನಿಲುವು.

ಜ್ಞಾನಸಾಹಿತ್ಯದ ಕಡೆಯಿಂದ ಒಂದು ಹೊಸ ಬೆಳಕು ಈ ವೇಳೆಗೆ ಬಿದ್ದಿತ್ತು. ಅಮೆನೆಮೋಪೆ ಎಂಬ ಈಜಿಪ್ಟಿನ ಅಧಿಕಾರಿಯ ಉಪದೇಶಗ್ರಂಥವು ೧೯೨೩ರಲ್ಲಿ ಅಚ್ಚಾಗಲು, ಜ್ಞಾನೋಕ್ತಿಗಳ ೨೨ ಮತ್ತು ೨೩ನೆಯ ಅಧ್ಯಾಯಗಳ ಮಾತುಗಳು ಅದರೊಡನೆ ಬಲು ಸಮೀಪವಾಗಿ ಹೊಂದುವುದನ್ನು ಅಡಾಲ್ಫ್ ಎರ್ಮಾನ್ ಮರುವರ್ಷವೇ ತೋರಿಸಿಕೊಟ್ಟನು. ಯೆಹೂದ್ಯರ ವಿವೇಕವು ಒಂಟಿಯಾಗಿ ಬೆಳೆದುದಲ್ಲ, ಅರಮನೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಲೇಖನಿ ಹಿಡಿದು ಬದುಕಿದ ಪಂಡಿತವರ್ಗದವರು ನಾಡಿನಿಂದ ನಾಡಿಗೆ ಕೊಟ್ಟು ಕೊಂಡ ವಿದ್ಯೆಯದು ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಪಂಡಿತವರ್ಗದ ಮೇಲೆ ದೃಷ್ಟಿಯಿಟ್ಟೇ ಗೆರ್ಹಾರ್ಡ್ ಫಾನ್ ರಾಡ್ ೧೯೬೦ರಲ್ಲಿ, ತನ್ನ ಹಳೆಯ ಒಡಂಬಡಿಕೆಯ ದೇವಶಾಸ್ತ್ರದ ಎರಡನೆಯ ಸಂಪುಟದಲ್ಲಿ, ಇಡೀ ಕ್ಷೇತ್ರವನ್ನು ಬಡಿದೆಬ್ಬಿಸಿದ ಮಾತನ್ನು ಹೇಳಿದುದು. ಪ್ರಕಟನಾ ಸಾಹಿತ್ಯದ ತಾಯಿಬೇರು ಪ್ರವಾದನೆಯಲ್ಲಿಲ್ಲ, ಜ್ಞಾನಸಾಹಿತ್ಯದಲ್ಲಿದೆ ಎಂಬುದೇ ಆ ಮಾತು. ಗುಸ್ತಾವ್ ಹೆಲ್ಶರ್ ೧೯೧೯ರಷ್ಟು ಹಿಂದೆಯೇ ಇಂತಹದೊಂದು ಸೂಚನೆಯನ್ನು ಕೊಟ್ಟಿದ್ದನಾದರೂ ಅದಕ್ಕೆ ಕಿವಿಗೊಟ್ಟವರು ವಿರಳ. ಫಾನ್ ರಾಡನ ಯುಕ್ತಿ ಹೀಗಿತ್ತು: ಇತಿಹಾಸದಲ್ಲಿ ದೇವರು ಹೊಸದನ್ನು ನಡೆಸುತ್ತಾನೆಂದು ಪ್ರವಾದಿಯು ನಂಬಿ ತನ್ನ ಕಾಲದ ಜನರನ್ನು ಎಚ್ಚರಿಸುತ್ತಾನೆ, ದರ್ಶನಕಾರನಾದರೋ ಸಮಸ್ತ ಕಾಲವೂ ಸೃಷ್ಟಿಯ ಆದಿಯಲ್ಲಿಯೇ ನಿಶ್ಚಿತವಾಗಿದೆಯೆಂದು ತಿಳಿದು, ಆ ಲೆಕ್ಕವನ್ನು ಓದಿ ಬಿಡಿಸಲು ಯತ್ನಿಸುತ್ತಾನೆ. ಇದು ಪಂಡಿತನ ಮನೋಧರ್ಮ. ನಕ್ಷತ್ರಗಳ ಗತಿ, ಗಾಳಿಗಳ ಉಗ್ರಾಣ, ಋತುಗಳ ಪರ್ಯಾಯ ಇವುಗಳಲ್ಲಿ ಹನೋಕನ ಗ್ರಂಥಕ್ಕಿರುವ ಆಸಕ್ತಿಯೂ ಪಂಡಿತನದೇ. ದಾನಿಯೇಲನು ಬಾಬಿಲೋನಿನ ಅರಮನೆಯಲ್ಲಿ ಓದಿದ ವಿದ್ವಾಂಸ, ಹನೋಕನೂ ಎಜ್ರನೂ ಶಾಸ್ತ್ರಿಗಳು. ಹೀಬ್ರೂ ಬೈಬಲಿನ ಕ್ರಮದಲ್ಲಿ ದಾನಿಯೇಲನ ಗ್ರಂಥವು ಪ್ರವಾದಿಗಳ ಸಾಲಿನಲ್ಲಿರದೆ, ಜ್ಞಾನೋಕ್ತಿಗಳೂ ಯೋಬನೂ ಇರುವ ಕೊನೆಯ ಭಾಗದಲ್ಲಿ ಸೇರಿರುವುದನ್ನೂ ನಾವು ಇಲ್ಲಿ ನೆನೆಯಬಹುದು.

ಈ ವಾದಕ್ಕೆ ಒದಗಿದ ಎದುರುತ್ತರವು ಸರಳವೂ ಬಲವಾದುದೂ ಆಗಿತ್ತು. ಜ್ಞಾನಸಾಹಿತ್ಯದಲ್ಲಿ ಅಂತ್ಯಕಾಲದ ನಿರೀಕ್ಷೆಯೇ ಇಲ್ಲದಿರುವಾಗ, ಆ ನಿರೀಕ್ಷೆಯಿಂದಲೇ ಬದುಕುವ ದರ್ಶನಸಾಹಿತ್ಯವು ಅದರ ಉದರದಿಂದ ಹೇಗೆ ಜನಿಸೀತು? ೧೯೭೫ರಲ್ಲಿ ಪಾಲ್ ಹ್ಯಾನ್ಸನ್, ಬಾಬಿಲೋನಿನ ಸೆರೆಯಿಂದ ಮರಳಿದ ಮೇಲಣ ಪ್ರವಾದಿಗಳಲ್ಲಿಯೇ ಪ್ರಕಟನಾ ಚಿಂತನೆಯ ಉದಯವನ್ನು ಕಾಣುವ ಗ್ರಂಥವನ್ನು ಬರೆದು ಹಳೆಯ ಪಕ್ಷಕ್ಕೆ ಹೊಸ ಬಲವನ್ನು ತಂದನು. ಫಾನ್ ರಾಡನು ಉತ್ಪ್ರೇಕ್ಷಿಸಿದನೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆತನು ಹೇಳಿದುದರಲ್ಲಿ ಉಳಿಯತಕ್ಕ ಅಂಶವು ಇವನ್ನು ಬರೆದವರು ಯಾರೆಂಬ ಪ್ರಶ್ನೆಯೇ ಹೊರತು ವಂಶವೃಕ್ಷವಲ್ಲ. ಅವನ ತರುವಾಯದ ಫಲವತ್ತಾದ ಸಂಶೋಧನೆಯೆಲ್ಲವೂ ಆ ಪ್ರಶ್ನೆಯ ಜಾಡಿನಲ್ಲಿಯೇ ಸಾಗಿತು.

ಹಾನ್ಸ್ ಪೀಟರ್ ಮ್ಯೂಲರ್ ೧೯೭೨ರಲ್ಲಿ ಈ ತೊಡಕನ್ನು ಬಿಡಿಸಲು ಒಂದು ಭೇದವನ್ನು ಸೂಚಿಸಿದನು. ವಿವೇಕವೆಂಬುದು ಒಂದೇ ಬಗೆಯದಲ್ಲ; ನೀತಿಬೋಧೆಯ ವಿವೇಕ ಒಂದಾದರೆ, ಕನಸು, ಶಕುನ, ಗ್ರಹಗತಿಗಳನ್ನು ಓದಿ ಹೇಳುವ ವಿದ್ಯೆ ಇನ್ನೊಂದು; ದಾನಿಯೇಲನು ಈ ಎರಡನೆಯ ವಿದ್ಯೆಗೆ ಸೇರಿದವನು. ಜೇಮ್ಸ್ ವ್ಯಾಂಡರ್‌ಕ್ಯಾಮ್ ೧೯೮೪ರಲ್ಲಿ ಇದನ್ನೇ ಹನೋಕನಿಗೆ ವಿಸ್ತರಿಸಿದನು. ಸಿಪ್ಪರ್ ಪಟ್ಟಣದ ಪುರಾಣಪ್ರಸಿದ್ಧ ಅರಸನಾದ ಎನ್ಮೆದುರಂಕಿಯು ದೇವತೆಗಳ ಸಭೆಯನ್ನು ಹೊಕ್ಕು, ನೀರಿನ ಮೇಲಣ ಎಣ್ಣೆಯನ್ನೂ ಬಲಿಪಶುವಿನ ಯಕೃತ್ತನ್ನೂ ನೋಡಿ ಭವಿಷ್ಯವನ್ನು ಅರಿಯುವ ವಿದ್ಯೆಯನ್ನು ಕಲಿತವನೆಂದು ಬಾಬಿಲೋನಿಯರು ಹೇಳುತ್ತಿದ್ದರು. ಅವನು ಸೂರ್ಯದೇವತೆಯ ಭಕ್ತ, ಕೆಲವು ಪಟ್ಟಿಗಳಲ್ಲಿ ಏಳನೆಯ ಅರಸ. ಆದಾಮನಿಂದ ಏಳನೆಯವನೂ, ಸೌರವರ್ಷದ ದಿನಗಳಷ್ಟೇ ಅಂದರೆ ೩೬೫ ವರ್ಷ ಬಾಳಿದವನೂ ಆದ ಹನೋಕನ ಚಿತ್ರವು ಈ ಮಾದರಿಯನ್ನು ಎದುರಿಗಿಟ್ಟುಕೊಂಡು ರೂಪುಗೊಂಡಿತೆಂಬ ವ್ಯಾಂಡರ್‌ಕ್ಯಾಮನ ಪ್ರತಿಪಾದನೆಯು ನನಗೆ ಸಾಧುವೆಂದೇ ತೋರುತ್ತದೆ. ಯೆಹೂದ್ಯ ಲೇಖಕನು ಮಾತ್ರ ಎಣ್ಣೆಯನ್ನೂ ಯಕೃತ್ತನ್ನೂ ಕೈಬಿಟ್ಟು, ಸ್ವಪ್ನವನ್ನೂ ದೇವದೂತನ ವಾಣಿಯನ್ನೂ ಇರಿಸಿಕೊಂಡನು.

ಈ ಮಧ್ಯೆ ಸಾಮಗ್ರಿಯೂ ಬೆಳೆಯುತ್ತಿತ್ತು. ಮೃತಸಮುದ್ರದ ತೀರದ ಕುಮ್ರಾನಿನಲ್ಲಿ ದೊರೆತ ಹನೋಕನ ಅರಮಾಯಿಕ್ ತುಣುಕುಗಳನ್ನು ಮಿಲಿಕ್ ೧೯೭೬ರಲ್ಲಿ ಪ್ರಕಟಿಸಲಾಗಿ, ಆ ಗ್ರಂಥದ ಖಗೋಳಭಾಗವೂ ಪತಿತ ದೇವದೂತರ ಕಥಾಭಾಗವೂ ಕ್ರಿ.ಪೂ. ೩ನೆಯ ಶತಮಾನದಷ್ಟು ಹಳೆಯವೆಂಬುದು ಖಚಿತವಾಯಿತು. ಕ್ರಿ.ಪೂ. ೧೬೭ರಿಂದ ೧೬೪ರವರೆಗೆ ಅರಸ ಆಂಟಿಯೋಕಸನು ಯೆಹೂದ್ಯರ ಮೇಲೆ ನಡೆಸಿದ ಹಿಂಸೆಯ ಕಾಲದಲ್ಲಿ ಪೂರ್ಣರೂಪ ತಾಳಿದ ದಾನಿಯೇಲನಿಗಿಂತ ಇವು ಪ್ರಾಚೀನ. ಆದಕಾರಣ ಪ್ರಕಟನಾ ಸಾಹಿತ್ಯವು ಕೇವಲ ಹಿಂಸೆಯ ಬೇಗೆಯಲ್ಲಿ ಹುಟ್ಟಿದುದೆಂಬ ಸುಲಭವಾದ ವಿವರಣೆಯು ಬಿದ್ದುಹೋಯಿತು. ೧೯೭೯ರಲ್ಲಿ ಜಾನ್ ಕಾಲಿನ್ಸ್ ಮತ್ತು ಸಂಗಡಿಗರು ಈ ಪ್ರಕಾರಕ್ಕೆ ಕೊಟ್ಟ ಲಕ್ಷಣವೂ ಮಹತ್ತ್ವದ್ದು: ಅಂತ್ಯಕಾಲವೊಂದನ್ನೇ ಹಿಡಿಯದೆ, ಅಲೌಕಿಕ ಲೋಕದ ಪ್ರಕಟನೆಯನ್ನೂ ಅವರು ಲಕ್ಷಣದೊಳಗೆ ಸೇರಿಸಿದರು.

ಇಲ್ಲಿ ಎರಡು ಗ್ರಂಥಗಳನ್ನು ಎದುರುಬದುರಾಗಿ ಇಟ್ಟು ನೋಡುವುದು ಉಚಿತ. ಕ್ರಿ.ಪೂ. ೧೮೦ರ ಸುಮಾರಿಗೆ ಯೆರೂಸಲೇಮಿನಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದ ಬೆನ್ ಸಿರಾ ತನ್ನ ಗ್ರಂಥದ ೨೪ನೆಯ ಅಧ್ಯಾಯದಲ್ಲಿ, ದೇವರ ಬಾಯಿಂದ ಹೊರಟ ಜ್ಞಾನದೇವಿಯು ಸಮಸ್ತ ಲೋಕವನ್ನೂ ಸುತ್ತಿ, ಕೊನೆಗೆ ಯೆರೂಸಲೇಮಿನಲ್ಲಿ ಬೀಡುಬಿಟ್ಟು, ಮೋಶೆಯ ಧರ್ಮಶಾಸ್ತ್ರವಾಗಿ ನೆಲೆನಿಂತಳೆಂದು ವರ್ಣಿಸುತ್ತಾನೆ. ಹನೋಕನ ಗ್ರಂಥದ ೪೨ನೆಯ ಅಧ್ಯಾಯವೂ ಅದೇ ಕಥೆಯನ್ನು ಹೇಳುತ್ತದೆ. ಆದರೆ ಅಲ್ಲಿ ಜ್ಞಾನಕ್ಕೆ ಮನುಷ್ಯರ ನಡುವೆ ತಂಗಲು ಸ್ಥಳ ದೊರೆಯದೆ, ಅದು ಸ್ವರ್ಗಕ್ಕೆ ಹಿಂದಿರುಗಿ ದೇವದೂತರ ನಡುವೆ ಆಸನವನ್ನು ಪಡೆಯುತ್ತದೆ. ಒಬ್ಬನ ಪ್ರಕಾರ ಜ್ಞಾನಾರ್ಥಿಯು ಗ್ರಂಥವನ್ನು ಬಿಚ್ಚಿ ಗುರುವಿನ ಬಳಿ ಕುಳಿತರೆ ಸಾಕು. ಇನ್ನೊಬ್ಬನ ಪ್ರಕಾರ ಸ್ವರ್ಗವೇ ತೆರೆಯಬೇಕು. ನಿನ್ನ ಅಳವಿಗೆ ಮೀರಿದ ಗೂಢಗಳನ್ನು ಅರಸಬೇಡವೆಂದೂ ಕನಸುಗಳನ್ನು ನೆಚ್ಚಬೇಡವೆಂದೂ ಬೆನ್ ಸಿರಾ ಶಿಷ್ಯರಿಗೆ ಎಚ್ಚರಿಕೆ ಕೊಡುವಾಗ, ಹನೋಕನ ಹೆಸರಿನಲ್ಲಿ ಬರೆಯುತ್ತಿದ್ದ ಪಂಡಿತರು ಅವನ ಮನಸ್ಸಿನಲ್ಲಿದ್ದರೆಂದು ಅನೇಕರು ಊಹಿಸಿದ್ದಾರೆ. ರ‍್ಯಾಂಡಲ್ ಆರ್ಗಲ್ ೧೯೯೫ರಲ್ಲಿ ಈ ಎರಡು ಗ್ರಂಥಗಳ ತುಲನೆಗೇ ಒಂದು ಪುಸ್ತಕವನ್ನು ಮೀಸಲಿಟ್ಟನು. ಇಷ್ಟು ಹತ್ತಿರವಾದ ಪ್ರತಿಸ್ಪರ್ಧೆಯು ಒಂದೇ ವಿದ್ಯೆಯನ್ನು ಹಂಚಿಕೊಂಡವರಲ್ಲಿ ಮಾತ್ರ ಸಂಭವಿಸತಕ್ಕುದು.

ಕುಮ್ರಾನಿನ ನಾಲ್ಕನೆಯ ಗುಹೆಯ ಒಂದು ಉಪದೇಶಗ್ರಂಥವು ೧೯೯೯ರಲ್ಲಿ ಸ್ಟ್ರಗ್ನೆಲ್ ಮತ್ತು ಹ್ಯಾರಿಂಗ್ಟನ್ ಎಂಬುವರ ಸಂಪಾದನೆಯಲ್ಲಿ ಸಮಗ್ರವಾಗಿ ಬೆಳಕಿಗೆ ಬಂದುದೇ ಈ ಇತಿಹಾಸದ ಅತ್ಯಂತ ನಿರ್ಣಾಯಕವಾದ ಘಟ್ಟ. ಅದರಲ್ಲಿ ಗುರುವು ಶಿಷ್ಯನನ್ನು ಬಡವನೆಂದೇ ಕರೆದು, ಸಾಲವನ್ನು ಬೇಗ ತೀರಿಸು, ತಂದೆತಾಯಿಗಳನ್ನು ಗೌರವಿಸು, ಹೆಂಡತಿಯೊಡನೆ ಹೀಗೆ ನಡೆದುಕೊ ಎಂದು ಜ್ಞಾನೋಕ್ತಿಗಳ ಧಾಟಿಯಲ್ಲಿಯೇ ಬುದ್ಧಿ ಹೇಳುತ್ತಾನೆ. ಹೇಳುತ್ತಿರುವಂತೆಯೇ, ಆಗಲಿರುವುದರ ರಹಸ್ಯವನ್ನು ಹಗಲಿರುಳೂ ಧ್ಯಾನಿಸೆಂದು ಒತ್ತಾಯಪಡಿಸಿ, ದುಷ್ಟರಿಗೆ ಒದಗುವ ಅಂತಿಮ ತೀರ್ಪನ್ನೂ ದೇವದೂತರೊಡನೆ ಸಜ್ಜನರಿಗಿರುವ ಪಾಲನ್ನೂ ತಿಳಿಸುತ್ತಾನೆ. ಸ್ವರ್ಗಯಾತ್ರೆಯಿಲ್ಲ, ಮೃಗಗಳ ದರ್ಶನವಿಲ್ಲ. ಆದರೂ ಅಂತ್ಯಕಾಲದ ನಿರೀಕ್ಷೆಯುಂಟು. ಜ್ಞಾನಸಾಹಿತ್ಯದಲ್ಲಿ ಅಂತ್ಯಕಾಲಕ್ಕೆ ಎಡೆಯಿಲ್ಲವೆಂದು ಫಾನ್ ರಾಡನಿಗೆ ಹೇಳಿದ ಉತ್ತರವು, ಕ್ರಿ.ಪೂ. ೨ನೆಯ ಶತಮಾನದ ಮಟ್ಟಿಗಾದರೂ, ಇಲ್ಲಿ ಬಿದ್ದುಹೋಯಿತು.

ಸಾಲವನ್ನು ಕುರಿತ ಮಾತಿನ ಪಕ್ಕದಲ್ಲಿಯೇ ಲೋಕಾಂತ್ಯದ ಮಾತು ಬರುವುದನ್ನು ಅಸಂಗತವೆಂದು ತಿಳಿಯಬಾರದು. ಬಡತನದಲ್ಲಿ ಮಾನದಿಂದ ಬಾಳಬೇಕಾದವನಿಗೆ, ತನ್ನ ಪಾಲು ಎಲ್ಲಿದೆಯೆಂಬುದು ತಿಳಿದಿದ್ದರಲ್ಲವೆ ಈ ಹೊತ್ತಿನ ನೀತಿಗೆ ಆಧಾರ?

ಈ ಉಪದೇಶಗ್ರಂಥವು ಸಮಗ್ರವಾಗಿ ಬೆಳಕಿಗೆ ಬರುವ ಮೊದಲೇ, ಅಮೆರಿಕದ ಬೈಬಲ್ ಸಾಹಿತ್ಯ ಪರಿಷತ್ತಿನಲ್ಲಿ ಈ ವಿಷಯಕ್ಕಾಗಿ ೧೯೯೪ರಲ್ಲಿ ಒಂದು ವಿದ್ವದ್ಗೋಷ್ಠಿ ಆರಂಭವಾಯಿತು. ಜಾರ್ಜ್ ನಿಕಲ್ಸ್‌ಬರ್ಗ್ ಅದರ ಮುಂದಿಟ್ಟ ಪ್ರಬಂಧದ ಸಾರವು, ನಾವು ಬೇರ್ಪಡಿಸಿರುವ ಈ ವರ್ಗಗಳು ವಿಶ್ಲೇಷಣೆಗೆ ನೆರವಾದರೂ ಪ್ರಾಚೀನ ವಾಸ್ತವವನ್ನು ಮರೆಮಾಡುತ್ತವೆ ಎಂಬುದು. ಆ ಗೋಷ್ಠಿಯ ಲೇಖನಗಳು ೨೦೦೫ರಲ್ಲಿ ಬೆಂಜಮಿನ್ ರೈಟ್ ಮತ್ತು ಲಾರೆನ್ಸ್ ವಿಲ್ಸ್ ಅವರ ಸಂಪಾದನೆಯಲ್ಲಿ ಪುಸ್ತಕವಾದವು. ರಿಚರ್ಡ್ ಹಾರ್ಸ್ಲಿ ೨೦೦೭ರಲ್ಲಿ ಈ ಲೇಖಕರ ಸಾಮಾಜಿಕ ಸ್ಥಿತಿಯನ್ನು ಕೈಗೆತ್ತಿಕೊಂಡು, ದೇವಾಲಯದ ಅಧಿಕಾರವರ್ಗವನ್ನು ಆಶ್ರಯಿಸಿದ್ದ ಶಾಸ್ತ್ರಿಗಳಲ್ಲಿ ಕೆಲವರು ಒಡೆಯರ ಪಕ್ಷದಲ್ಲಿ ನಿಂತು, ಕೆಲವರು ಅವರಿಗೂ ಪರಚಕ್ರಕ್ಕೂ ಎದುರು ನಿಂತು ಬರೆದರೆಂದು ವಾದಿಸಿದನು. ವಿಲ್ ಕೈನ್ಸ್ ೨೦೧೯ರಲ್ಲಿ ಇನ್ನೂ ಮುಂದುವರಿದು, ಜ್ಞಾನಸಾಹಿತ್ಯವೆಂಬ ವರ್ಗಕ್ಕೇ ಚರಮಗೀತೆಯನ್ನು ಬರೆದನು. ಆ ತೀರ್ಮಾನವು ನನಗೆ ಅತಿಯಾಗಿ ತೋರುತ್ತದೆ; ಜ್ಞಾನೋಕ್ತಿಗಳಿಗೂ ಯೋಬನಿಗೂ ನಡುವಣ ಸಗೋತ್ರತೆಯು ಬ್ರೂಖನ ಕಲ್ಪನೆ ಮಾತ್ರವಲ್ಲ. ಆದರೆ ಗಡಿಯನ್ನು ಎಳೆದವರು ಯಾರೆಂಬುದನ್ನು ಮರೆಯದಿರುವಂತೆ ಮಾಡಿದ ಉಪಕಾರವು ಅವನದು.

ಕ್ರಿ.ಶ. ೭೦ರಲ್ಲಿ ದೇವಾಲಯವು ರೋಮನರಿಂದ ನಾಶವಾದ ಮೇಲೆ, ಆ ಶತಮಾನದ ಕೊನೆಯ ಸುಮಾರಿಗೆ ರಚಿತವಾದ ನಾಲ್ಕನೆಯ ಎಜ್ರ ಗ್ರಂಥದ ಅಂತ್ಯದಲ್ಲಿ, ಎಜ್ರನು ನಾಲ್ವತ್ತು ದಿನಗಳಲ್ಲಿ ೯೪ ಗ್ರಂಥಗಳನ್ನು ಬರೆಯಿಸುತ್ತಾನೆ. ಅವುಗಳಲ್ಲಿ ೨೪ ಸರ್ವರಿಗೂ, ಉಳಿದ ೭೦ ವಿವೇಕಿಗಳಿಗೆ ಮಾತ್ರ. ಅದೇ ಎಜ್ರನು ಗ್ರಂಥದ ಪೂರ್ವಭಾಗದಲ್ಲಿ ಯೋಬನಂತೆ ದೇವನ್ಯಾಯವನ್ನು ಪ್ರಶ್ನಿಸಿ ದೇವದೂತನೊಡನೆ ವಾದಿಸಿದವನು. ಈ ಗ್ರಂಥವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ತೊಳಲುವುದಕ್ಕಿಂತ, ಅದರ ದುಃಖವನ್ನು ಆಲಿಸುವುದು ಲೇಸು.

ಈ ಕ್ಷೇತ್ರವನ್ನು ಹೊಸದಾಗಿ ಪ್ರವೇಶಿಸುವ ಕನ್ನಡ ಓದುಗರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಪಂಡಿತರ ಸಿದ್ಧಾಂತಗಳಿಗೆ ಕೈಹಾಕುವ ಮೊದಲು, ಕನ್ನಡ ಬೈಬಲಿನಲ್ಲಿ ದಾನಿಯೇಲನ ಹನ್ನೆರಡು ಅಧ್ಯಾಯಗಳನ್ನು ಒಂದೇ ಬೈಠಕ್ಕಿನಲ್ಲಿ ಓದಬೇಕು. ಮೊದಲ ಆರರ ಆಸ್ಥಾನಪಂಡಿತನೂ ಕೊನೆಯ ಆರರ ದರ್ಶನಕಾರನೂ ಒಬ್ಬನೇ ಹೇಗಾದನೆಂಬುದನ್ನು ತಮ್ಮ ಬುದ್ಧಿಯಿಂದಲೇ ವಿಚಾರಿಸಿ ನೋಡಬೇಕು.